ಸೋತ ತಂಡಕ್ಕೆ ಮೊದಲ ಸರದಿ: ಅದರ ನಿಜವಾದ ಬೆಲೆ ಎಷ್ಟು?

ಪೇಟೆಯಲ್ಲಿ ಸೋತವನಿಗೆ ಮೊದಲ ಸರದಿ ಎಂಬುದಿಲ್ಲ. ಬೈಲಹೊಂಗಲದ ಅಥವಾ ಸವದತ್ತಿಯ ಮಾರುಕಟ್ಟೆ ಪ್ರಾಂಗಣಕ್ಕೆ ಹತ್ತಿಯ ರಾಶಿ ಬಂದಾಗ, ಕಳೆದ ಹಂಗಾಮಿನಲ್ಲಿ ನಷ್ಟ ಅನುಭವಿಸಿದ ಖರೀದಿದಾರನಿಗೆಂದು ಉತ್ತಮ ಮಾಲನ್ನು ಯಾರೂ ತೆಗೆದಿರಿಸುವುದಿಲ್ಲ. ಹೆಚ್ಚಿನ ದರ ನಮೂದಿಸಿದವನಿಗೆ ಮಾಲು. ಉಳಿದವರಿಗೆ ಮುಂದಿನ ರಾಶಿ. ವ್ಯಾಪಾರದ ನಿಯಮ ಇಷ್ಟೇ.

ಆದರೆ ಜಗತ್ತಿನ ಅತಿ ದೊಡ್ಡ ಕ್ರೀಡಾ ಉದ್ಯಮಗಳಲ್ಲೊಂದಾದ ಅಮೆರಿಕೆಯ ಫುಟ್ಬಾಲ್ ಲೀಗಿನಲ್ಲಿ ಇದಕ್ಕೆ ತದ್ವಿರುದ್ಧವಾದ ನಿಯಮವೊಂದು ತೊಂಬತ್ತು ವರ್ಷಗಳಿಂದ ನಡೆದುಬಂದಿದೆ. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನಕ್ಕೆ ಇಳಿದ ತಂಡಕ್ಕೆ ಹೊಸ ಆಟಗಾರರನ್ನು ಆಯ್ದುಕೊಳ್ಳುವ ಮೊದಲ ಅವಕಾಶ. ಗೆದ್ದ ತಂಡಕ್ಕೆ ಕೊನೆಯ ಅವಕಾಶ. ಇದಕ್ಕೆ ಅಲ್ಲಿ 'ಡ್ರಾಫ್ಟ್' ಎಂದು ಹೆಸರು. ವರ್ತಕರಿಗೆ ಡ್ರಾಫ್ಟ್ ಎಂದೊಡನೆ ಬ್ಯಾಂಕಿನ ಹುಂಡಿ ನೆನಪಾಗುವುದು ಸಹಜ. ಇಲ್ಲಿ ಅದರ ಅರ್ಥ ಆಯ್ಕೆಯ ಸರದಿ. ಓಣಿಯ ಹುಡುಗರು ಆಟಕ್ಕೆ ನಿಂತಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನಾಗಿ ಕರೆದು ತಂಡ ಕಟ್ಟುವುದನ್ನು ಕಂಡವರಿಗೆ ಈ ಪದ್ಧತಿ ಹೊಸದೇನೂ ಅಲ್ಲ. ಮೊದಲು ಕರೆಯುವ ಹಕ್ಕು ಸೋತವನಿಗೆ ಎಂಬುದಷ್ಟೇ ವಿಶೇಷ.

ಸೋತವನಿಗೆ ದೊರೆಯುವ ಈ ಮೊದಲ ಸರದಿಯ ಬೆಲೆ ಎಷ್ಟು? ಅದು ತಂಡವನ್ನು ಮೇಲೆತ್ತುತ್ತದೆಯೋ, ಹೆಗಲ ಮೇಲಿನ ಭಾರವಾಗುತ್ತದೆಯೋ? ಮೇಲ್ನೋಟಕ್ಕೆ ಇದು ಆಟದ ಪ್ರಶ್ನೆ. ವಾಸ್ತವದಲ್ಲಿ ನಷ್ಟದ ವರ್ಷದ ನಂತರ ಕೈಯಲ್ಲುಳಿದ ಬಂಡವಾಳವನ್ನು ಎಲ್ಲಿ ಹೂಡಬೇಕು ಎಂದು ಯೋಚಿಸುವ ಪ್ರತಿಯೊಬ್ಬ ಉದ್ಯಮಿಯ ಪ್ರಶ್ನೆ.

ಪದ್ಧತಿ ಹುಟ್ಟಿದ ಬಗೆ

1935ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ 11 ಪಂದ್ಯಗಳಲ್ಲಿ ಕೇವಲ 2ನ್ನು ಗೆದ್ದಿತು. ಹಣವುಳ್ಳ ತಂಡಗಳು ಉತ್ತಮ ಆಟಗಾರರನ್ನೆಲ್ಲ ಕೊಂಡುಕೊಳ್ಳುತ್ತ ಹೋದರೆ ಬಡ ತಂಡಗಳು ಮುಚ್ಚಿಹೋಗುತ್ತವೆ, ಎದುರಾಳಿಯೇ ಇಲ್ಲದ ಮೇಲೆ ಸಿರಿವಂತ ತಂಡಗಳ ಆಟವನ್ನೂ ಯಾರೂ ನೋಡಲು ಬರುವುದಿಲ್ಲ ಎಂಬುದು ಆ ತಂಡದ ಮಾಲೀಕ ಬರ್ಟ್ ಬೆಲ್ ಅವರ ವಾದವಾಗಿತ್ತು. ಉಳಿದ ಮಾಲೀಕರು ಅದನ್ನು ಒಪ್ಪಿದರು. 1936ರ ಫೆಬ್ರುವರಿ 8ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲ ಸರದಿ ಸ್ವತಃ ಬೆಲ್ ಅವರ ತಂಡಕ್ಕೇ ಬಂದಿತು.

ಅವರು ಆಯ್ದುಕೊಂಡದ್ದು ಷಿಕಾಗೋ ವಿಶ್ವವಿದ್ಯಾಲಯದ ಹೆಸರಾಂತ ಆಟಗಾರ ಜೇ ಬರ್ವಾಂಗರ್ ಅವರನ್ನು. ಆದರೆ ಬರ್ವಾಂಗರ್ ಕೇಳಿದ ಸಂಬಳ ತಂಡಕ್ಕೆ ಎಟುಕಲಿಲ್ಲ. ಅವರ ಮೇಲಿನ ಹಕ್ಕನ್ನು ಈಗಲ್ಸ್ ತಂಡ ಷಿಕಾಗೋ ಬೇರ್ಸ್ ತಂಡಕ್ಕೆ ವರ್ಗಾಯಿಸಿತು. ಅಲ್ಲಿಯೂ ಮಾತು ಕೂಡಿಬರಲಿಲ್ಲ. ವೃತ್ತಿಪರ ಫುಟ್ಬಾಲಿನ ಒಂದು ಪಂದ್ಯವನ್ನೂ ಆಡದ ಬರ್ವಾಂಗರ್ ಮುಂದೆ ವಾಹನಗಳ ಬಾಗಿಲಿಗೆ ಕೂಡಿಸುವ ರಬ್ಬರ್ ಹಾಗೂ ಪ್ಲಾಸ್ಟಿಕ್ ಪಟ್ಟಿಗಳನ್ನು ತಯಾರಿಸುವ ಉದ್ಯಮ ಕಟ್ಟಿ ಯಶಸ್ವಿಯಾದರು. ಇತಿಹಾಸದ ಮೊಟ್ಟಮೊದಲ 'ಮೊದಲ ಸರದಿ' ಸೋತ ತಂಡಕ್ಕೆ ಬಯಸಿದ ಆಟಗಾರನನ್ನು ತಂದುಕೊಡಲಿಲ್ಲ. ಉದ್ಯಮ ಕ್ಷೇತ್ರಕ್ಕೆ ಒಬ್ಬ ತಯಾರಕರನ್ನು ಕೊಟ್ಟಿತು!

ಸರದಿಯೂ ಒಂದು ಸರಕು

ಇಂದು ಆ ಲೀಗಿನಲ್ಲಿ 32 ತಂಡಗಳಿವೆ. ಆಯ್ಕೆ 7 ಸುತ್ತುಗಳಲ್ಲಿ ನಡೆಯುತ್ತದೆ. ಸರದಿಯನ್ನು ತಂಡ ತಾನೇ ಬಳಸಬಹುದು, ಇಲ್ಲವೇ ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಪ್ರತಿಯಾಗಿ ಹಲವು ಕೆಳಗಿನ ಸರದಿಗಳನ್ನು ಪಡೆಯಬಹುದು. ಹೀಗೆ ಕೊಡುಕೊಳ್ಳುವಿಕೆ ಆರಂಭವಾದೊಡನೆ ಸರದಿಗೂ ಒಂದು ದರಪಟ್ಟಿ ಬೇಕಾಯಿತು. 1991ರ ಸುಮಾರಿಗೆ ಡಲ್ಲಾಸ್ ಕೌಬಾಯ್ಸ್ ತಂಡ ಅಂಥದೊಂದು ಪಟ್ಟಿಯನ್ನು ಸಿದ್ಧಪಡಿಸಿತು. ಅದರ ಪ್ರಕಾರ ಮೊದಲ ಸರದಿಗೆ 3000 ಅಂಕ, ಹತ್ತನೆಯದಕ್ಕೆ 1300, ಮೂವತ್ತೆರಡನೆಯದಕ್ಕೆ 590. ಅಂದರೆ ಮೊದಲನೆಯದೊಂದು ಮೂವತ್ತೆರಡನೆಯ ಐದು ಸರದಿಗಳಿಗೆ ಸಮ! ಕ್ರಮೇಣ ಇತರ ತಂಡಗಳೂ ಇಂಥದೇ ಪಟ್ಟಿಯನ್ನು ಮುಂದಿಟ್ಟುಕೊಂಡು ವ್ಯವಹರಿಸತೊಡಗಿದವು.

ಪೇಟೆಯಲ್ಲಿ ನಡೆಯುವ ದರ ಮತ್ತು ಮಾಲಿನ ನಿಜವಾದ ಗುಣ ಎರಡೂ ಒಂದೇ ಆಗಿರಬೇಕೆಂದಿಲ್ಲ ಎಂಬುದನ್ನು ಅನುಭವಿ ವರ್ತಕರಿಗೆ ಹೇಳಬೇಕಾಗಿಲ್ಲ. ಇದನ್ನೇ ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಪರಿಶೀಲಿಸಿದರು. ಥೇಲರ್ ಅವರು 2017ರಲ್ಲಿ ನೊಬೆಲ್ ಪುರಸ್ಕಾರ ಪಡೆದವರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಶೀರ್ಷಿಕೆಯನ್ನು ಕನ್ನಡದಲ್ಲಿ 'ಸೋತವನ ಶಾಪ' ಎನ್ನಬಹುದು.

ಆಟಗಾರನ ಆಟದಿಂದ ತಂಡಕ್ಕಾಗುವ ಉಪಯೋಗವನ್ನು ಹಣದಲ್ಲಿ ಅಳೆದು, ಅದರಿಂದ ಅವನ ಸಂಬಳವನ್ನು ಕಳೆದು, ಉಳಿಯುವ ಶಿಲ್ಕನ್ನು ಅವರು ಲೆಕ್ಕ ಹಾಕಿದರು. ಮೊದಲ ಸರದಿಯವರು ಸರಾಸರಿಯಲ್ಲಿ ಉತ್ತಮ ಆಟಗಾರರೇ ಆಗಿದ್ದರು. ಆದರೆ ಅವರ ಸಂಬಳ ಅದಕ್ಕಿಂತ ವೇಗವಾಗಿ ಏರಿತ್ತು. ಹೀಗಾಗಿ ಶಿಲ್ಕು ಅತಿ ಹೆಚ್ಚು ಉಳಿದದ್ದು ಮೊದಲ ಸರದಿಯಲ್ಲಲ್ಲ, ಎರಡನೆಯ ಸುತ್ತಿನ ಸರದಿಗಳಲ್ಲಿ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರ ಪೈಕಿ ಮೊದಲು ಆಯ್ಕೆಯಾದವನು ಅವನ ನಂತರದವನಿಗಿಂತ ಮೇಲೆನಿಸಿದ ಸಂದರ್ಭಗಳು ಶೇ. 52 ಮಾತ್ರ. ನಾಣ್ಯ ಚಿಮ್ಮಿ ನಿರ್ಧರಿಸುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಮುಂದಿನ ವರ್ಷದ ಸರದಿಯನ್ನು ಬಿಟ್ಟುಕೊಟ್ಟು ಈ ವರ್ಷವೇ ಆಯ್ಕೆ ಮಾಡಲು ತಂಡಗಳು ತೆರುತ್ತಿದ್ದ ಬೆಲೆಯನ್ನು ಬಡ್ಡಿಯ ಲೆಕ್ಕಕ್ಕೆ ತಂದಾಗ ಅದು ವರ್ಷಕ್ಕೆ ಶೇ. 100ನ್ನೂ ಮೀರಿತ್ತು. ಅವಸರಕ್ಕೆ ತೆರುವ ಇಂಥ ಬಡ್ಡಿಯನ್ನು ನಮ್ಮ ಕಡೆಯ ಯಾವ ಸಾಹುಕಾರನೂ ಬಹಿರಂಗವಾಗಿ ಕೇಳಲಾರ.

ಸರದಿ ಅದೇ, ಸಂಬಳ ಬೇರೆ

ಇದಕ್ಕೆ ಸ್ಪಷ್ಟವಾದ ನಿದರ್ಶನವಿದೆ. 2010ರಲ್ಲಿ ಮೊದಲ ಸರದಿಯಲ್ಲಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫೋರ್ಡ್ ಅವರಿಗೆ 6 ವರ್ಷಗಳಿಗೆ 7.8 ಕೋಟಿ ಡಾಲರ್ ಒಪ್ಪಂದವಾಯಿತು. ಅದರಲ್ಲಿ 5 ಕೋಟಿ ಡಾಲರ್ ಖಾತರಿ ಹಣ. ಮರುವರ್ಷ ಲೀಗು ಹೊಸಬರ ಸಂಬಳಕ್ಕೆ ಮಿತಿ ವಿಧಿಸಿತು. 2011ರ ಮೊದಲ ಆಯ್ಕೆಯಾದ ಕ್ಯಾಮ್ ನ್ಯೂಟನ್ ಅವರಿಗೆ ದೊರೆತದ್ದು 4 ವರ್ಷಗಳಿಗೆ ಸುಮಾರು 2.2 ಕೋಟಿ ಡಾಲರ್. ಸರದಿಯ ಸಂಖ್ಯೆ ಎರಡೂ ಬಾರಿ ಒಂದೇ. ಆದರೆ ಖರೀದಿಯ ದರ ಇಳಿದೊಡನೆ ಅದೇ ಸರದಿ ಸೋತ ತಂಡಕ್ಕೆ ನಿಜವಾದ ಆಸ್ತಿಯಾಯಿತು. ಲಾಭ ಇರುವುದು ಕೊಳ್ಳುವಾಗಲೇ ಎಂಬ ವರ್ತಕರ ನಂಬಿಕೆಗೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಕಿಲ್ಲ.

ಮೊದಲ ಸರದಿ ಫಲ ಕೊಡುವುದೇ ಇಲ್ಲವೆಂದಲ್ಲ. 1997ರಲ್ಲಿ 16 ಪಂದ್ಯಗಳಲ್ಲಿ 3ನ್ನಷ್ಟೇ ಗೆದ್ದ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ 1998ರಲ್ಲಿ ಪೇಟನ್ ಮ್ಯಾನಿಂಗ್ ಅವರನ್ನು ಆಯ್ದುಕೊಂಡಿತು. ಮೊದಲ ವರ್ಷ ಮತ್ತೆ 3 ಗೆಲುವು. ಎರಡನೆಯ ವರ್ಷ 13 ಗೆಲುವು. ಆದರೂ ಚಾಂಪಿಯನ್ ಪಟ್ಟ ದಕ್ಕಿದ್ದು ಅವರ ಒಂಬತ್ತನೆಯ ಋತುವಿನಲ್ಲಿ. ಇನ್ನೊಂದೆಡೆ 2007ರಲ್ಲಿ ಓಕ್ಲಂಡ್ ರೈಡರ್ಸ್ ತಂಡ ಮೊದಲ ಸರದಿಯಲ್ಲಿ ಆಯ್ದ ಜಮಾರ್ಕಸ್ ರಸೆಲ್ ಅವರಿಗೆ 3 ಕೋಟಿ ಡಾಲರಿಗೂ ಮೀರಿದ ಖಾತರಿ ಹಣ ಕೊಟ್ಟು, 2010ರಲ್ಲಿ ಅವರನ್ನು ಕೈಬಿಡಬೇಕಾಯಿತು. ಅತಿ ಹೆಚ್ಚು ಬಾರಿ ಪಟ್ಟ ಗೆದ್ದ ಆಟಗಾರ ಟಾಮ್ ಬ್ರೇಡಿ 2000ದಲ್ಲಿ ಆಯ್ಕೆಯಾದದ್ದು 199ನೆಯ ಸರದಿಯಲ್ಲಿ.

ಸೋತ ತಂಡವೊಂದು ಜಾಣತನದಿಂದ ಎದ್ದುನಿಂತ ಕಥೆ ಡಲ್ಲಾಸ್ ತಂಡದ್ದು. 1989ರಲ್ಲಿ ಮೊದಲ ಸರದಿಯಲ್ಲಿ ಟ್ರಾಯ್ ಏಕ್‌ಮನ್ ಅವರನ್ನು ಆಯ್ದುಕೊಂಡರೂ ಆ ವರ್ಷ 16ರಲ್ಲಿ ಗೆದ್ದದ್ದು ಒಂದೇ ಪಂದ್ಯ. ಅದೇ ಋತುವಿನ ನಡುವೆ ತಂಡ ತನ್ನ ಅತ್ಯುತ್ತಮ ಆಟಗಾರ ಹರ್ಷಲ್ ವಾಕರ್ ಅವರನ್ನು ಮಿನೆಸೋಟಾ ತಂಡಕ್ಕೆ ಬಿಟ್ಟುಕೊಟ್ಟು, ಪ್ರತಿಯಾಗಿ ಹಲವು ಆಟಗಾರರನ್ನೂ ಸರದಿಗಳನ್ನೂ ಪಡೆಯಿತು. ಆ ಸರದಿಗಳ ಬಲದಿಂದ ಎಮಿಟ್ ಸ್ಮಿತ್ ಮೊದಲಾದವರು ಬಂದರು. 1992, 1993 ಮತ್ತು 1995ರ ಋತುಗಳ ಪಟ್ಟ ಡಲ್ಲಾಸ್ ಪಾಲಾಯಿತು. ಒಬ್ಬ ಏಕ್‌ಮನ್ ಅವರಿಂದ ಆಗದ ಕೆಲಸ, ಅವರ ಸುತ್ತ ಹಲವರು ಕೂಡಿದಾಗ ಆಯಿತು.

ನಮ್ಮ ನಾಡಿನ ಅನುಭವ

ಭಾರತದ ಲೀಗುಗಳಲ್ಲಿ ಸವಾಲಿನ ಪದ್ಧತಿಯೇ ಪ್ರಧಾನ. ಸರದಿಯ ಪದ್ಧತಿ ಅಪರೂಪ. ಆದರೂ ಕರ್ನಾಟಕಕ್ಕೆ ಸಂಬಂಧಿಸಿದ ಒಂದು ಪ್ರಸಿದ್ಧ ಸರದಿ ಇದೆ. 2008ರಲ್ಲಿ ಐಪಿಎಲ್ ಆರಂಭವಾದಾಗ 19 ವರ್ಷದೊಳಗಿನ ಆಟಗಾರರನ್ನು ಸವಾಲಿಗೆ ಹಚ್ಚದೆ ಸರದಿಯ ಮೂಲಕ ಹಂಚಲಾಯಿತು. ದೆಹಲಿ ತಂಡ ತನ್ನದೇ ಊರಿನ ವಿರಾಟ್ ಕೊಹ್ಲಿ ಅವರನ್ನು ಬಿಟ್ಟು ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆಯ್ದುಕೊಂಡಿತು; ಕೊಹ್ಲಿ ಬೆಂಗಳೂರಿನ ಪಾಲಾದರು. ಅವರ ಸಂಬಳ 30,000 ಡಾಲರ್. ಮೊದಲ ವರ್ಷ ಅವರು ಗಳಿಸಿದ್ದು 165 ಓಟ. 2016ರಲ್ಲಿ 973 ಓಟ. ಕಡಿಮೆ ದರಕ್ಕೆ ಬಂದ ಎಳೆಯ ಸಸಿಗೆ ಎಂಟು ವರ್ಷ ನೀರುಣಿಸಿದ ಫಲವಿದು.

ಇಷ್ಟಾದರೂ ಬೆಂಗಳೂರು ತಂಡಕ್ಕೆ ಕಪ್ ದೊರೆತದ್ದು 2025ರ ಜೂನ್ 3ರಂದು, 18ನೆಯ ಆವೃತ್ತಿಯಲ್ಲಿ. ನಡುವೆ 2014ರಲ್ಲಿ, ಒಟ್ಟು 60 ಕೋಟಿ ರೂಪಾಯಿಯ ವೆಚ್ಚಮಿತಿಯಿದ್ದಾಗ, ಯುವರಾಜ್ ಸಿಂಗ್ ಒಬ್ಬರಿಗೇ 14 ಕೋಟಿ ಕೊಟ್ಟದ್ದೂ ಉಂಟು. ಅವರು ಸಾಕಷ್ಟು ಓಟ ಗಳಿಸಿದರೂ ತಂಡ ಏಳನೆಯ ಸ್ಥಾನದಲ್ಲಿ ನಿಂತಿತು. ಕೊನೆಗೆ ಕಪ್ ಎತ್ತಿದ ನಾಯಕ ರಜತ್ ಪಾಟಿದಾರ್ 2022ರ ಸವಾಲಿನಲ್ಲಿ ಯಾರೂ ಕೊಳ್ಳದೆ ಉಳಿದವರು. ಗಾಯಗೊಂಡ ಆಟಗಾರನ ಬದಲಿಗೆ 20 ಲಕ್ಷಕ್ಕೆ ತಂಡ ಸೇರಿದವರು.

ಸೋತವರು ಏಳಲು ಮೊದಲ ಸರದಿಯೇ ಬೇಕೆಂದೂ ಇಲ್ಲ. 2008ರಲ್ಲಿ ಎಂಟು ತಂಡಗಳ ಪೈಕಿ ಡೆಕ್ಕನ್ ಚಾರ್ಜರ್ಸ್ ಎಂಟನೆಯದು, ಬೆಂಗಳೂರು ಏಳನೆಯದು. 2009ರ ಅಂತಿಮ ಪಂದ್ಯ ಈ ಎರಡರ ನಡುವೆಯೇ ನಡೆದು ಡೆಕ್ಕನ್ ಗೆದ್ದಿತು. ಫುಟ್ಬಾಲಿನಲ್ಲಿ ಬೆಂಗಳೂರು ಎಫ್‌ಸಿ 2023-24ರಲ್ಲಿ 12 ತಂಡಗಳ ನಡುವೆ 10ನೆಯ ಸ್ಥಾನಕ್ಕೆ ಇಳಿದು, ಮರುವರ್ಷವೇ ಅಂತಿಮ ಪಂದ್ಯ ತಲುಪಿತು. ಯಾವ ವಿಶೇಷ ಸರದಿಯೂ ಅದಕ್ಕೆ ದೊರೆತಿರಲಿಲ್ಲ. ಅನುಭವಿಗಳನ್ನು ಅಗತ್ಯವಿದ್ದ ಸ್ಥಾನಗಳಿಗೆ ಕರೆತಂದಿತು. ಹಳಬರಾದ ಸುನಿಲ್ ಛೇತ್ರಿ ತಮ್ಮ 40ನೆಯ ವಯಸ್ಸಿನಲ್ಲಿ 14 ಗೋಲು ಹೊಡೆದರು.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮಲಪ್ರಭೆಯ ದಂಡೆಯ ಮನೋಳಿಯಲ್ಲಿ ಅಂಗಡಿ ಇಟ್ಟವರಾಗಲಿ, ಬೈಲಹೊಂಗಲದ ಜಿನ್ನಿಂಗ್ ಕಾರ್ಖಾನೆಯವರಾಗಲಿ, ರಾಮದುರ್ಗದ ಮಗ್ಗದ ಮಾಲೀಕರಾಗಲಿ, ಮಳೆ ಕೈಕೊಟ್ಟ ಅಥವಾ ದರ ಕುಸಿದ ವರ್ಷವನ್ನು ಕಾಣದವರಿಲ್ಲ. ಅಂಥ ವರ್ಷದ ನಂತರ ಕೈಯಲ್ಲುಳಿದ ಬಂಡವಾಳ ಅಥವಾ ಬ್ಯಾಂಕು ಮಂಜೂರು ಮಾಡುವ ಹೊಸ ಸಾಲವೇ ಅವರ 'ಮೊದಲ ಸರದಿ'. ಒಂದೇ ದೊಡ್ಡ ಯಂತ್ರದಿಂದ ಅಥವಾ ದೊಡ್ಡ ಸಂಬಳದ ಒಬ್ಬ ವ್ಯವಸ್ಥಾಪಕನಿಂದ ಎಲ್ಲವೂ ಸರಿಹೋದೀತೆಂಬ ಆಸೆ ಆಗ ಬಲವಾಗಿರುತ್ತದೆ. ಮನೆ ಒತ್ತೆಯಿಟ್ಟು ತಂದ ಹಣವಾದರೆ ಆ ಒಂದು ಆಯ್ಕೆ ತಪ್ಪಿದಾಗ ಎರಡನೆಯ ಅವಕಾಶವೇ ಇರುವುದಿಲ್ಲ.

ಮೊದಲನೆಯದಾಗಿ, ನೋಡಬೇಕಾದದ್ದು ಗುಣವನ್ನಷ್ಟೇ ಅಲ್ಲ, ಶಿಲ್ಕನ್ನು. ಉದಾಹರಣೆಗೆ, ತಿಂಗಳಿಗೆ 40,000 ರೂಪಾಯಿ ಸಂಬಳ ಪಡೆದು 45,000 ರೂಪಾಯಿಯ ಉಪಯೋಗ ತರುವ ಒಬ್ಬ ವ್ಯವಸ್ಥಾಪಕನಿಂದ ಉಳಿಯುವುದು 5,000. ತಲಾ 15,000 ಪಡೆದು ತಲಾ 20,000ದ ಉಪಯೋಗ ತರುವ ಒಬ್ಬ ಫಿಟರ್ ಮತ್ತು ಒಬ್ಬ ಗುಮಾಸ್ತನಿಂದ ಉಳಿಯುವುದು 10,000. ಇವರಲ್ಲೊಬ್ಬರು ಬಿಟ್ಟುಹೋದರೂ ಕೆಲಸ ಪೂರ್ತಿ ನಿಲ್ಲುವುದಿಲ್ಲ.

ಎರಡನೆಯದಾಗಿ, ಪೈಪೋಟಿಯಲ್ಲಿ ಗೆದ್ದಾಗ ಎಚ್ಚರ ಅಗತ್ಯ. ಹತ್ತು ಮಂದಿ ಅಡತಿಯಲ್ಲಿ ರಾಶಿಯನ್ನು ನೋಡಿ ಗುಟ್ಟಾಗಿ ದರ ಬರೆದಾಗ ಮಾಲು ದೊರೆಯುವುದು ಅತಿ ಹೆಚ್ಚು ಅಂದಾಜು ಮಾಡಿದವನಿಗೆ. ಒಂಬತ್ತು ಮಂದಿ ಕಡಿಮೆ ಬರೆದಿದ್ದಾರೆಂದರೆ ಹತ್ತನೆಯವನ ಅಂದಾಜು ತಪ್ಪಿರುವ ಸಂಭವವೇ ಹೆಚ್ಚು. ಆಟಗಾರರ ಆಯ್ಕೆಯಲ್ಲಿ ನಡೆಯುವುದೂ ಇದೇ.

ಮೂರನೆಯದಾಗಿ, ಅವಕಾಶವನ್ನು ಬಳಸಲೇಬೇಕೆಂಬ ಕಟ್ಟುಪಾಡಿಲ್ಲ. ಡಲ್ಲಾಸ್ ತಂಡದಂತೆ ಒಂದು ದೊಡ್ಡದನ್ನು ಹಲವು ಚಿಕ್ಕದಾಗಿ ಬದಲಾಯಿಸಿಕೊಳ್ಳಬಹುದು. ಹೊಸ ಯಂತ್ರದ ಬದಲು ಹಳೆಯದರ ದುರಸ್ತಿ, ದಾಸ್ತಾನಿಗೆ ಒಳ್ಳೆಯ ಗೋದಾಮು, ನಂಬಿಕೆಯ ಇಬ್ಬರು ಕೆಲಸಗಾರರ ತರಬೇತಿ ಇವೂ ಹೂಡಿಕೆಗಳೇ.

ನಾಲ್ಕನೆಯದಾಗಿ, ತಾಳ್ಮೆ. ಕೊಹ್ಲಿ ಅವರಿಗೂ ಮ್ಯಾನಿಂಗ್ ಅವರಿಗೂ ಮೊದಲ ವರ್ಷದ ಲೆಕ್ಕವನ್ನೇ ಹಿಡಿದು ಬೀಳ್ಕೊಟ್ಟಿದ್ದರೆ ನಷ್ಟ ತಂಡಗಳದ್ದೇ ಆಗುತ್ತಿತ್ತು. ಹೊಸ ಕೈ ಹದಕ್ಕೆ ಬರುವವರೆಗೆ ಕಾಯಬಲ್ಲಷ್ಟು ದುಡಿಯುವ ಬಂಡವಾಳವನ್ನು ಆರಂಭದಲ್ಲೇ ಬದಿಗಿರಿಸುವುದು ಲೇಸು.

ಸೋತ ತಂಡಕ್ಕೆ ಮೊದಲ ಸರದಿ ಕೊಡುವ ಪದ್ಧತಿಯ ಮೂಲ ಉದ್ದೇಶ ಎಲ್ಲರೂ ಕಣದಲ್ಲಿ ಉಳಿಯಲಿ ಎಂಬುದಾಗಿತ್ತು. ಯಾರಿಗೂ ಗೆಲುವಿನ ಖಾತರಿ ಕೊಡುವುದಾಗಿರಲಿಲ್ಲ. ಸರದಿಯಿಂದ ದೊರೆಯುವುದು ಅವಕಾಶ ಮಾತ್ರ. ಅದನ್ನು ಎಷ್ಟಕ್ಕೆ ಕೊಂಡರು, ಎಷ್ಟು ಕೈಗಳಿಗೆ ಹಂಚಿದರು, ಎಷ್ಟು ದಿನ ಕಾದರು ಎಂಬುದರ ಮೇಲೆ ಲಾಭ ನಷ್ಟಗಳು ನಿರ್ಧಾರವಾಗುತ್ತವೆ. ನಷ್ಟದ ವರ್ಷವನ್ನು ದಾಟಿ ಹೊಸ ಖಾತೆ ತೆರೆಯುವ ವರ್ತಕರೂ ತಯಾರಕರೂ ಈ ಮೂರು ಲೆಕ್ಕಗಳನ್ನು ಮೊದಲ ಪುಟದಲ್ಲೇ ಬರೆದುಕೊಳ್ಳುವುದು ಹಿತಕರ.