ಕಾಲು ಅಂಗುಲದ ಬೋಲ್ಟಿನ ಕಥೆ

2017ರ ನವೆಂಬರ್ 19ರಂದು ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಒಂದು ಅಪರೂಪದ ಪ್ರದರ್ಶನ ನಡೆಯಿತು. ಭೂಸೇನೆಯ ಆರ್ಮಿ ಸರ್ವಿಸ್ ಕೋರ್‌ಗೆ ಸೇರಿದ ‘ಟೊರ್ನಾಡೋಸ್’ ತಂಡದ 58 ಯೋಧರು 500 ಸಿ.ಸಿ.ಯ ಒಂದೇ ರಾಯಲ್ ಎನ್‌ಫೀಲ್ಡ್ ಮೋಟಾರ್ ಸೈಕಲ್ಲಿನ ಮೇಲೆ ಏರಿ 1,200 ಮೀಟರ್ ದೂರ ಸಾಗಿ ವಿಶ್ವದಾಖಲೆ ಮಾಡಿದರು. ನೋಡಿದವರೆಲ್ಲ ಯೋಧರ ಸಮತೋಲನವನ್ನು ಮೆಚ್ಚಿದರು. ಅದು ಸರಿಯೇ. ಆದರೆ ಅಷ್ಟು ಜನರ ಭಾರ ಹೊತ್ತ ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿದ್ದುದು ಕೆಲವು ನಟ್ಟು ಬೋಲ್ಟುಗಳು. ಅವುಗಳ ಕಡೆಗೆ ಯಾರ ಕಣ್ಣೂ ಹೋಗಲಿಲ್ಲ. ಸರಿಯಾಗಿ ಕೆಲಸ ಮಾಡುವ ಸಣ್ಣ ವಸ್ತುವಿನ ಪಾಡೇ ಹಾಗೆ. ಅದು ಕಾಣೆಯಾದಾಗ ಮಾತ್ರ ನೆನಪಾಗುತ್ತದೆ.

ಯಲಹಂಕದಿಂದ ನಗರದ ಕಡೆಗೆ ಬಂದರೆ ಹೆಬ್ಬಾಳ ಸಿಗುತ್ತದೆ. ಇಲ್ಲಿನ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಬಿ.ಎಸ್.ಎ. ಎಂ-20 ಮೋಟಾರ್ ಸೈಕಲ್ ಒಂದು ನಿಂತಿದೆ ಎಂದಿಟ್ಟುಕೊಳ್ಳೋಣ. ಗಾಡಿ ತಾತನದು. ಕಾಲೇಜಿಗೆ ಹೋಗುವ ಮೊಮ್ಮಗಳಿಗೆ ಅದನ್ನು ಮತ್ತೆ ಓಡಿಸಬೇಕೆಂಬ ಆಸೆ. ಎಂಜಿನ್ ಇದೆ, ಫ್ರೇಮ್ ಇದೆ, ಚಕ್ರಗಳಿವೆ, ಟ್ಯಾಂಕಿದೆ. ಇಲ್ಲದಿರುವುದು ಎಂಜಿನ್ ಮುಚ್ಚಳದ ಒಂದು ಬೋಲ್ಟು, ಮ್ಯಾಗ್ನೆಟೋದ ಒಂದು ಸ್ಕ್ರೂ, ಬ್ರೇಕಿನ ಒಂದು ಪಿನ್. ಇಷ್ಟೇ ತಾನೆ ಎಂದು ನಮಗೆ ಅನ್ನಿಸುತ್ತದೆ. ಅನುಭವಸ್ಥ ಮೆಕ್ಯಾನಿಕ್ ಹಾಗೆ ಹೇಳುವುದಿಲ್ಲ. ಹಳೆಯ ಗಾಡಿಯ ಜೀರ್ಣೋದ್ಧಾರ ತಿಂಗಳುಗಟ್ಟಲೆ ನಿಲ್ಲುವುದು ಇಂಥ ಚೂರುಗಳಿಂದಲೇ.

ದಂಡಿನ ಊರು, ದಂಡಿನ ಗಾಡಿ

ಬೆಂಗಳೂರು 1809ರಿಂದ ದಂಡಿನ ಊರು. ಯುದ್ಧಕಾಲದಲ್ಲಿ ಬ್ರಿಟಿಷ್ ಸೇನೆ ಬಳಸಿದ ಬಿ.ಎಸ್.ಎ. ಎಂ-20, ನಾರ್ಟನ್ 16-ಎಚ್, ಮ್ಯಾಚ್‌ಲೆಸ್ ಜಿ-3/ಎಲ್ ಮುಂತಾದ ಮೋಟಾರ್ ಸೈಕಲ್ಲುಗಳಲ್ಲಿ ಅನೇಕವು ಭಾರತಕ್ಕೂ ಬಂದವು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ನಾಗರಿಕರ ಕೈ ಸೇರಿದವು. ಎಂ-20ರದು 496 ಸಿ.ಸಿ.ಯ ಸರಳ ಎಂಜಿನ್. 1937ರಲ್ಲಿ ಬಂದ ಈ ಮಾದರಿಯಲ್ಲಿ ಯುದ್ಧಕ್ಕೆಂದೇ 1,20,000ಕ್ಕೂ ಹೆಚ್ಚು ಗಾಡಿಗಳು ತಯಾರಾದವು.

ಬುಲೆಟ್ಟಿಗೆ ಸುಲಭವಾಗಿ ಸಿಗುವ ಬಿಡಿಭಾಗ ಎಂ-20ಕ್ಕೆ ಏಕೆ ಸಿಗುವುದಿಲ್ಲ? ಕಾರಣ ಇತಿಹಾಸದಲ್ಲಿದೆ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಯಿತು. ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್ ಎಂಜಿನ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿ ತಯಾರಾಯಿತು. ಸೇನೆಯ ಬುಲೆಟ್ಟಿಗೂ ಊರಿನ ಹಾಲಿನವನ ಬುಲೆಟ್ಟಿಗೂ ಬಹುಪಾಲು ಭಾಗಗಳು ಒಂದೇ. ಬಿ.ಎಸ್.ಎ. ಕಥೆ ಬೇರೆ. ಬರ್ಮಿಂಗ್‌ಹ್ಯಾಮಿನ ಆ ಕಂಪನಿ 1970ರ ದಶಕದ ಆರಂಭದಲ್ಲಿ ಮುಳುಗಿತು. ಅದರ ಹೆಸರನ್ನು 2016ರಲ್ಲಿ ಭಾರತದ ಮಹೀಂದ್ರ ಸಮೂಹ ಕೊಂಡಿತಾದರೂ, ಈಗ ಆ ಹೆಸರಿನಲ್ಲಿ ಬರುವ ಹೊಸ ಗಾಡಿಗೂ ಹಳೆಯ ಎಂ-20ಕ್ಕೂ ಒಂದು ಬೋಲ್ಟಿನ ನಂಟೂ ಇಲ್ಲ.

‘ಆರು ಎಂಎಂ ಹಾಕ್ಬಿಡಿ’

ಮೊಮ್ಮಗಳು ಅಂಗಡಿಗೆ ಹೋಗಿ ಮುಚ್ಚಳದ ಬೋಲ್ಟು ಕೇಳುತ್ತಾಳೆ. “ಆರು ಎಂಎಂ ಹಾಕ್ಬಿಡಿ, ಕೂತ್ಕೊಳ್ಳತ್ತೆ” ಎನ್ನುತ್ತಾರೆ ಅಂಗಡಿಯವರು. ನಿಜವಾಗಿ ಕೂತುಕೊಳ್ಳುತ್ತದೆ! ತೊಂದರೆ ಇರುವುದೇ ಅಲ್ಲಿ.

ಬೋಲ್ಟಿನ ಮೈಮೇಲೆ ಸುತ್ತಿಕೊಂಡಿರುವ ಸುರುಳಿ ಗೆರೆಗೆ ವರ್ಕ್‌ಶಾಪಿನಲ್ಲಿ ‘ಥ್ರೆಡ್’ ಎನ್ನುತ್ತಾರೆ. ಒಂದು ಗೆರೆಯಿಂದ ಮುಂದಿನ ಗೆರೆಗೆ ಇರುವ ದೂರ ‘ಪಿಚ್’. ಹಳೆಯ ಬ್ರಿಟಿಷ್ ಮೋಟಾರ್ ಸೈಕಲ್ಲುಗಳಲ್ಲಿ ಕಾಲು ಅಂಗುಲದ, ಅಂಗುಲಕ್ಕೆ 26 ಥ್ರೆಡ್ಡಿನ ಬೋಲ್ಟು ಸಾಮಾನ್ಯ. ಒಂದು ಅಂಗುಲವೆಂದರೆ 25.4 ಮಿ.ಮೀ. ಹಾಗಾಗಿ ಅದರ ಪಿಚ್ 0.977 ಮಿ.ಮೀ. ಇಂದಿನ 6 ಮಿ.ಮೀ. ಬೋಲ್ಟಿನ ಪಿಚ್ 1 ಮಿ.ಮೀ. ವ್ಯತ್ಯಾಸ ಬರೀ 0.023 ಮಿ.ಮೀ. ಅದಕ್ಕೇ ಬೋಲ್ಟು ತಡೆಯಿಲ್ಲದೆ ಒಳಗೆ ಇಳಿಯುತ್ತದೆ.

ಈಗ ವ್ಯಾಸ ನೋಡಿ. ಕಾಲು ಅಂಗುಲವೆಂದರೆ 6.35 ಮಿ.ಮೀ. ಹೊಸ ಬೋಲ್ಟು 6 ಮಿ.ಮೀ. ಸುತ್ತಲೂ 0.175 ಮಿ.ಮೀ. ಸಂದು ಉಳಿಯಿತು. ಈ ಥ್ರೆಡ್ಡಿನ ಆಳವೇ ಸುಮಾರು 0.52 ಮಿ.ಮೀ. ಅಂದರೆ ಹಿಡಿತದ ಮೂರನೆಯ ಒಂದು ಭಾಗ ಹೋಯಿತು. ಮೃದುವಾದ ಅಲ್ಯುಮಿನಿಯಂ ರಂಧ್ರದಲ್ಲಿ ಉಕ್ಕಿನ ಬೋಲ್ಟು ತುದಿಗಳನ್ನಷ್ಟೇ ಕಚ್ಚಿಕೊಂಡು ನಿಂತಿರುತ್ತದೆ. ಎಂಜಿನ್ ಬಿಸಿಯಾಗಿ ನಡುಗಲು ಶುರುವಾದ ಮೇಲೆ ಒಂದು ದಿನ ಥ್ರೆಡ್ ಉದುರುತ್ತದೆ. ಆಗ ಹಾಳಾಗುವುದು ಹತ್ತು ರೂಪಾಯಿಯ ಬೋಲ್ಟಲ್ಲ, ಎಲ್ಲೂ ಸಿಗದ ಎಂಜಿನ್ ಕೇಸು. ಪೂರ್ತಿ ಹೊಂದದ ಭಾಗ ನಮ್ಮನ್ನು ಅಲ್ಲೇ ತಡೆಯುತ್ತದೆ. ಹೊಂದಿದಂತೆ ನಟಿಸುವ ಭಾಗ ರಸ್ತೆಯ ಮಧ್ಯೆ ಕೈಕೊಡುತ್ತದೆ.

ಅಂಗುಲದ ಸಂಸಾರ

ಅಂಗುಲದ ಥ್ರೆಡ್ಡುಗಳಲ್ಲೂ ಒಂದೇ ಜಾತಿಯಿಲ್ಲ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್ ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಸೂಚಿಸಿದ. ಅದಕ್ಕೆ ಮುಂಚೆ ಒಂದೊಂದು ಕಾರ್ಖಾನೆಗೆ ಒಂದೊಂದು ಅಳತೆಯಿತ್ತು. ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ. ಅದೇ ಕೋನದ, ಇನ್ನೂ ಸೂಕ್ಷ್ಮವಾದ ಬಿ.ಎಸ್.ಎಫ್. ಥ್ರೆಡ್ ನಂತರ ಬಂತು. ಸೈಕಲ್ಲಿಗೆಂದು ಹುಟ್ಟಿ ಮೋಟಾರ್ ಸೈಕಲ್ಲಿಗೂ ಹರಡಿದ ‘ಸೈಕಲ್ ಥ್ರೆಡ್ಡಿನ’ ಕೋನ 60 ಡಿಗ್ರಿ. ಮ್ಯಾಗ್ನೆಟೋದಂಥ ವಿದ್ಯುತ್ ಉಪಕರಣಗಳ ಪುಟ್ಟ ಸ್ಕ್ರೂಗಳದು ಬಿ.ಎ. ಎಂಬ ಇನ್ನೊಂದು ಪದ್ಧತಿ, ಕೋನ 47.5 ಡಿಗ್ರಿ. ಇವೆಲ್ಲ ಒಂದೇ ಗಾಡಿಯಲ್ಲಿ ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ.

ಸ್ಪ್ಯಾನರ್ ಕಥೆಯೂ ಹೀಗೆಯೇ. ಇಂದಿನ ಸ್ಪ್ಯಾನರಿನ ಮೇಲಿರುವ ಅಂಕಿ ಅದರ ಬಾಯಿಯ ಅಗಲ. ವಿಟ್‌ವರ್ತ್ ಸ್ಪ್ಯಾನರಿನ ಮೇಲಿರುವ ಅಂಕಿ ಬೋಲ್ಟಿನ ವ್ಯಾಸ. 1/4 ಎಂದು ಬರೆದ ಸ್ಪ್ಯಾನರಿನ ಬಾಯಿ 0.525 ಅಂಗುಲ, ಅಂದರೆ 13.3 ಮಿ.ಮೀ. ಆ ಬೋಲ್ಟಿಗೆ 13ರ ಸ್ಪ್ಯಾನರ್ ಹಿಡಿಯುವುದಿಲ್ಲ. 14ರದು ಜಾರಿ ಬೋಲ್ಟಿನ ಮೂಲೆಗಳನ್ನು ಉರುಟು ಮಾಡುತ್ತದೆ.

ಈ ಗೊಂದಲದ ಬೆಲೆ ಯುದ್ಧದಲ್ಲಿ ಚೆನ್ನಾಗಿ ಅರ್ಥವಾಯಿತು. ಮಿತ್ರರಾಷ್ಟ್ರಗಳಾಗಿದ್ದರೂ ಬ್ರಿಟನ್ನಿನ ನಟ್ಟು ಅಮೆರಿಕದ ಬೋಲ್ಟಿಗೆ ಕೂರುತ್ತಿರಲಿಲ್ಲ. ಕೊನೆಗೆ 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ದೇಶಗಳು ಒಂದೇ ಥ್ರೆಡ್ ಅಳತೆಗೆ ಒಪ್ಪಿ ಸಹಿ ಹಾಕಿದವು. ಭಾರತವಾದರೋ 1956ರ ತೂಕ ಮತ್ತು ಅಳತೆ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಹೊರಳಿತು. ದೇಶಕ್ಕೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಹೆಬ್ಬಾಳದ ಶೆಡ್ಡಿನಲ್ಲಿರುವ ಗಾಡಿಯ ಬೋಲ್ಟು ಮಾತ್ರ ಅಂಗಡಿಯ ಕಪಾಟಿನಿಂದ ಮಾಯವಾಯಿತು.

ಹುಡುಕುವ ಮೊದಲು ಗುರುತಿಸಿ

ಹೆಸರು ಗೊತ್ತಿಲ್ಲದ ವಸ್ತುವನ್ನು ಹುಡುಕಲಾಗದು. ಆದ್ದರಿಂದ ಮೊದಲ ಕೆಲಸ ಗಾಡಿಯ ಎಂಜಿನ್ ಮತ್ತು ಫ್ರೇಮ್ ಸಂಖ್ಯೆ ಓದುವುದು. ಯುದ್ಧಕಾಲದ ಎಂ-20ರಲ್ಲಿ ಈ ಸಂಖ್ಯೆಗಳ ಹಿಂದೆ ‘ಡಬ್ಲ್ಯು.ಎಂ. 20’ ಎಂಬ ಅಕ್ಷರಗಳಿರುತ್ತವೆ. ನಂತರ ಆ ಮಾದರಿಯ ಬಿಡಿಭಾಗ ಪಟ್ಟಿಯ ಪುಸ್ತಕ ಸಂಪಾದಿಸಬೇಕು. ಸೇನೆಗೆ ಮಾಡಿದ ಗಾಡಿಗಳಿಗೆ ಇಂಥ ಪಟ್ಟಿಗಳು ಬಲು ಅಚ್ಚುಕಟ್ಟು. ಅವುಗಳ ಮರುಮುದ್ರಣಗಳು ಈಗಲೂ ಸಿಗುತ್ತವೆ. ಚಿತ್ರದಲ್ಲಿ ಭಾಗವನ್ನು ಕಂಡು ಅದರ ಸಂಖ್ಯೆ ಬರೆದುಕೊಂಡರೆ ಅರ್ಧ ಹಾದಿ ಕ್ರಮಿಸಿದಂತೆ.

ಎರಡನೆಯದು ಅಳತೆ. ನಿಮ್ಮ ಭೌತಶಾಸ್ತ್ರ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಅದರಿಂದ ವ್ಯಾಸ ತಿಳಿಯುತ್ತದೆ. ಪಿಚ್ ತಿಳಿಯಲು ಗರಗಸದ ಹಲ್ಲಿನಂತಿರುವ ಪಿಚ್ ಗೇಜ್ ಬೇಕು. ಇಲ್ಲದಿದ್ದರೆ ಬೋಲ್ಟನ್ನು ಬಿಳಿ ಕಾಗದದ ಮೇಲೆ ಒತ್ತಿ, ಮೂಡಿದ ಗೆರೆಗಳನ್ನು ಎಣಿಸಿ. ಅರ್ಧ ಅಂಗುಲಕ್ಕೆ 13 ಗೆರೆ ಬಂದರೆ ಅಂಗುಲಕ್ಕೆ 26. ಆದರೆ ಕಾಲು ಅಂಗುಲದ ಬಿ.ಎಸ್.ಎಫ್. ಕೂಡ 26 ಥ್ರೆಡ್ಡಿನದೇ. ಅದನ್ನು ಸೈಕಲ್ ಥ್ರೆಡ್ಡಿನಿಂದ ಬೇರ್ಪಡಿಸುವುದು ಕೋನ ಮಾತ್ರ. ಇದಕ್ಕೆ ಗೇಜನ್ನು ಬೆಳಕಿಗೆ ಹಿಡಿದು ಹಲ್ಲು ಪೂರ್ತಿ ಕೂರುತ್ತದೆಯೇ ಎಂದು ನೋಡಲೇಬೇಕು.

ಎಲ್ಲಿ ಹುಡುಕುವುದು?

ಮೊದಲು ಮನೆಯಲ್ಲೇ. ತಾತ ಬಿಸ್ಕತ್ ಡಬ್ಬಿಯಲ್ಲಿ ತುಂಬಿಟ್ಟ ನಟ್ಟು ಬೋಲ್ಟುಗಳನ್ನು ಯಾರೋ ಗುಜರಿಗೆ ಹಾಕುವ ಮೊದಲು ನೋಡಿ. ಆಮೇಲೆ ಶಿವಾಜಿನಗರದ ಗುಜರಿ ಅಂಗಡಿಗಳು, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಚಿಕ್ಕಪೇಟೆ ಬಳಿಯ ಭಾನುವಾರದ ಸಂತೆ. ಬರಿಗೈಲಿ ಹೋಗಬೇಡಿ. ಮುರಿದದ್ದಾದರೂ ಸರಿ, ಮಾದರಿಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಅಳತೆ ಬರೆದ ಚೀಟಿ ಜೊತೆಗಿರಲಿ. ‘ಹಳೇ ಬಿ.ಎಸ್.ಎ. ಬೋಲ್ಟು’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಬರುತ್ತದೆ. ‘ಕಾಲಂಗುಲ, 26 ಥ್ರೆಡ್’ ಎಂದು ಕೇಳಿದರೆ ಹಿರಿಯ ವ್ಯಾಪಾರಿ ಒಳಗಿನ ಡಬ್ಬಿ ತೆಗೆಯಬಹುದು, ಏಕೆಂದರೆ ಅದೇ ಬೋಲ್ಟು ಬೇರೆ ಹಳೆಯ ಬ್ರಿಟಿಷ್ ಗಾಡಿಗಳಲ್ಲೂ ಇದೆ. ಬ್ರಿಟನ್ನಿನಲ್ಲಿ ಈ ಭಾಗಗಳನ್ನು ಹೊಸದಾಗಿ ತಯಾರಿಸಿ ಮಾರುವವರಿದ್ದಾರೆ. ತರಿಸಿಕೊಳ್ಳುವಾಗಲೂ ಭಾಗಸಂಖ್ಯೆಯೇ ಆಧಾರ.

ಸಿಗದಿದ್ದರೆ ಮಾಡಿಸುವುದು

ಉತ್ತರ ಬೆಂಗಳೂರಿನವರು ಇಲ್ಲಿ ಅದೃಷ್ಟವಂತರು. 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸಿದ್ದು ಹತ್ತಿರದ ಜಾಲಹಳ್ಳಿಯಲ್ಲೇ. ಯಶವಂತಪುರ ದಾಟಿದರೆ ಪೀಣ್ಯ. ಅಲ್ಲಿನ ಗಲ್ಲಿಗಳಲ್ಲಿ ಒಂದೇ ಒಂದು ಬೋಲ್ಟನ್ನೂ ತಿರುವಿ ಕೊಡಬಲ್ಲ ಟರ್ನರುಗಳಿದ್ದಾರೆ.

ಮಿಲಿಮೀಟರಿನ ಲೇತಿನಲ್ಲಿ ಅಂಗುಲದ ಥ್ರೆಡ್ ಕೊಯ್ಯುವುದು ಹೇಗೆ? ಗಣಿತ ಸೊಗಸಾಗಿದೆ. 25.4 ಎಂದರೆ 127ನ್ನು 5ರಿಂದ ಭಾಗಿಸಿದಷ್ಟು. 127 ಅವಿಭಾಜ್ಯ ಸಂಖ್ಯೆ. ಅದನ್ನು ಒಡೆದು ಸಣ್ಣ ಚಕ್ರಗಳಿಗೆ ಹಂಚಲಾಗದು. ಹಾಗಾಗಿ ಲೆಕ್ಕ ಕರಾರುವಾಕ್ಕಾಗಬೇಕಾದರೆ ಲೇತಿಗೆ 127 ಹಲ್ಲಿನ ಚಕ್ರವನ್ನೇ ಜೋಡಿಸಬೇಕು. ಕೆಲಸ ಕೊಡುವ ಮುಂಚೆ ಆ ಚಕ್ರ ಇದೆಯೇ ಎಂದು ಕೇಳಿ. ಕೇಳಿದವರು ವಿಷಯ ಬಲ್ಲವರೆಂದು ಟರ್ನರಿಗೂ ತಿಳಿಯುತ್ತದೆ.

ಲೋಹವೂ ಮುಖ್ಯ. ಮುಚ್ಚಳದ ಬೋಲ್ಟಿಗೆ ಸಾಧಾರಣ ಉಕ್ಕು ಸಾಕು. ಹೆಚ್ಚು ಭಾರ ತಡೆಯುವ ಕಡೆಗೆ ‘ಇ.ಎನ್. 8’, ‘ಇ.ಎನ್. 24’ ಎಂಬ ಗಟ್ಟಿ ಉಕ್ಕುಗಳಿವೆ. ಈ ಇ.ಎನ್. ಸಂಖ್ಯೆಗಳೂ ಯುದ್ಧಕಾಲದ ಬ್ರಿಟನ್ನಿನಲ್ಲಿ, 1941ರಲ್ಲಿ ಹುಟ್ಟಿದವು. ಎಂ-20ರ ಸಮಕಾಲೀನ ಹೆಸರು ಪೀಣ್ಯದ ಉಕ್ಕಿನಂಗಡಿಯಲ್ಲಿ ಇಂದಿಗೂ ಬದುಕಿದೆ.

ಒಂದು ಎಚ್ಚರಿಕೆ. ಬ್ರೇಕ್, ಚಕ್ರದ ಅಚ್ಚು, ಮುಂದಿನ ಫೋರ್ಕ್‌ಗಳ ಭಾಗಗಳನ್ನು ‘ನೋಡಲು ಅದೇ ಥರ ಇದೆ’ ಎಂದು ಹಾಕಬಾರದು. ಉಕ್ಕಿನ ಆಯ್ಕೆ ಮತ್ತು ಹದಗೊಳಿಸುವ ಕ್ರಮ ಬಲ್ಲ ತಜ್ಞರ ಕೈಯಲ್ಲೇ ಅವು ಆಗಬೇಕು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಅದರ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬೇಡಿ. ಶ್ವಾಸಕೋಶಕ್ಕೆ ಅದು ಅಪಾಯ.

ಚೂರೂ ಸಾಕ್ಷಿ

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ವಶವಾಯಿತು. ಮಲಯದ ರಬ್ಬರ್ ತೋಟಗಳೂ ಬ್ರಿಟನ್ನಿನ ಕೈತಪ್ಪಿದವು. ಅದರ ಪರಿಣಾಮ ಎಂ-20ರ ಮೇಲೂ ಕಾಣುತ್ತದೆ: ಹ್ಯಾಂಡಲ್ಲಿನ ಹಿಡಿಗೆ ರಬ್ಬರಿನ ಬದಲು ಕ್ಯಾನ್ವಾಸ್ ಬಂತು, ಕಾಲಿಡುವ ಕಡೆ ಬರೀ ಲೋಹ ಉಳಿಯಿತು. ಅಂಥ ಗಾಡಿಗೆ ‘ಚೆಂದ ಕಾಣಲಿ’ ಎಂದು ಹೊಸ ರಬ್ಬರ್ ಹಾಕಿದರೆ ಒಂದು ಐತಿಹಾಸಿಕ ಸಾಕ್ಷಿಯನ್ನು ಅಳಿಸಿದಂತೆ. ಆದ್ದರಿಂದ ತೆಗೆದ ಪ್ರತಿಯೊಂದು ಭಾಗವನ್ನೂ ಚೀಟಿ ಕಟ್ಟಿ ಇಡಿ. ಹೊಸದಾಗಿ ಮಾಡಿಸಿದ್ದು ಯಾವುದು, ಯಾವ ವರ್ಷದಲ್ಲಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಕಾನೂನು ಕೂಡ ಈಗ ಇದನ್ನೇ ಬಯಸುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಎಂಜಿನ್ನು ಚಾಸಿಗಳಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಮೂಲರೂಪದಲ್ಲಿ ಉಳಿದ ವಾಹನಕ್ಕೆ ಮಾತ್ರ ಆ ಮನ್ನಣೆ.

ವಿದ್ಯಾರ್ಥಿ ಮಿತ್ರರೆ, ನಿಮ್ಮ ಮನೆಯಲ್ಲಿ ಯುದ್ಧಕಾಲದ ಮೋಟಾರ್ ಸೈಕಲ್ ಇಲ್ಲದಿರಬಹುದು. ಅಜ್ಜಿಯ ಹೊಲಿಗೆ ಯಂತ್ರವೋ ಹಳೆಯ ಗೋಡೆ ಗಡಿಯಾರವೋ ಇದ್ದೀತು. ಅದರಲ್ಲಿ ಒಂದು ಸ್ಕ್ರೂ ಕಾಣೆಯಾಗಿದ್ದರೆ ಅಂಗಡಿಗೆ ಓಡುವ ಮುಂಚೆ ಪಕ್ಕದಲ್ಲಿರುವ ಇನ್ನೊಂದು ಸ್ಕ್ರೂ ಬಿಚ್ಚಿ, ಕಾಗದದ ಮೇಲೆ ಒತ್ತಿ, ಗೆರೆ ಎಣಿಸಿ ನೋಡಿ. ಎಣಿಸಿದ್ದನ್ನು ಬರೆದಿಡಿ. ಬಿಚ್ಚಿದ ಸ್ಕ್ರೂ ಮಾತ್ರ ಮರೆಯದೆ ಅದರ ಜಾಗಕ್ಕೇ ಹಾಕಿ.