ಬಿರುಗಾಳಿ ಸಮುದ್ರಕ್ಕೆ ಮಾತ್ರವೇ? ಮಂಜುಗಡ್ಡೆಯ ದೋಣಿ ವಿಡಿಯೊ ಮತ್ತು ನಮ್ಮ ಕೆರೆಯ ತೆಪ್ಪ

ಚಳಿಗಾಲ ಬಂತೆಂದರೆ ವಾಟ್ಸಾಪ್‌ನಲ್ಲಿ ಒಂದು ಬಗೆಯ ವಿಡಿಯೊ ಓಡಾಡುತ್ತದೆ. ದೋಣಿಯ ಹಗ್ಗ, ಕಂಬಿ, ಗಾಜು ಎಲ್ಲದರ ಮೇಲೂ ದಪ್ಪನೆಯ ಮಂಜುಗಡ್ಡೆ. ‘ಇದು ಸಮುದ್ರವಲ್ಲ, ಅಮೆರಿಕದ ಸರೋವರ’ ಎಂಬ ಒಕ್ಕಣೆ. ಅದರ ಕೆಳಗೆ ಯಾರಾದರೂ ಬರೆದೇ ಇರುತ್ತಾರೆ: ‘ನಮ್ಮ ಕಡೆ ಇದೆಲ್ಲ ಇಲ್ಲ ಬಿಡ್ರಿ, ಕೆರೆ ನೀರು ತಣ್ಣಗೆ ನಿಂತಿರತೈತಿ.’

ಮೊದಲರ್ಧ ನಿಜ. ಎರಡನೆಯದು ಅಲ್ಲ.

ಇಂಥ ವಿಡಿಯೊದಲ್ಲಿ ಆಗುವುದಿಷ್ಟು. ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿದ್ದಾಗ ಅಲೆಯಿಂದ ಹಾರುವ ತುಂತುರು ತಣ್ಣನೆಯ ಲೋಹಕ್ಕೆ ಬಡಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಗಾಳಿ ಹೆಚ್ಚಿದಷ್ಟೂ ತುಂತುರು ಹೆಚ್ಚು. ಅಪಾಯ ಚಳಿಯೊಂದೇ ಅಲ್ಲ, ಭಾರ. ಅದೂ ದೋಣಿಯ ಮೇಲ್ಭಾಗದಲ್ಲಿ ಸೇರುವ ಭಾರ. ಮಾಮೂಲಿಯಾಗಿ ಅಲೆಗೆ ವಾಲಿದ ದೋಣಿ ಮತ್ತೆ ನೆಟ್ಟಗಾಗುತ್ತದೆ, ಏಕೆಂದರೆ ಅದರ ಹೆಚ್ಚಿನ ತೂಕ ತಳದಲ್ಲಿರುತ್ತದೆ. ತೂಕ ಮೇಲೇರಿದರೆ ವಾಲಿದ್ದು ವಾಲಿದಂತೆಯೇ ಮಗುಚುತ್ತದೆ.

ಅಲ್ಲಿನ ಸುಪೀರಿಯರ್ ಸರೋವರ ಸುಮಾರು 82,000 ಚದರ ಕಿ.ಮೀ., ಅಂದರೆ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತ ದೊಡ್ಡದು. 1975ರ ನವೆಂಬರ್ 10ರ ಬಿರುಗಾಳಿಗೆ 222 ಮೀಟರ್ ಉದ್ದದ ‘ಎಡ್ಮಂಡ್ ಫಿಟ್ಜೆರಾಲ್ಡ್’ ಹಡಗು ಅಲ್ಲಿ ಮುಳುಗಿತು. ಹಡಗಿನಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ನಿಂತ ಸಿಹಿನೀರು ಅಂದ ಮಾತ್ರಕ್ಕೆ ಸಾಧು ಅಲ್ಲ.

‘ಅದು ಅಮೆರಿಕ’ ಎನ್ನುತ್ತೀರಾ? ಹಾಗಾದರೆ ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಗೆ ಬನ್ನಿ. ಭೀಮಾ ನದಿಯ ಉಜನಿ ಜಲಾಶಯದಲ್ಲಿ 2024ರ ಮೇ 21ರ ಸಂಜೆ ಕೂಗಾಂವ್‌ನಿಂದ ಕಳಾಶಿಗೆ ಹೊರಟಿದ್ದ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿತು. ಆರು ಜನ ಸತ್ತರು. ಒಬ್ಬರು ಈಜಿ ದಡ ಸೇರಿದರು. ನಮ್ಮ ಲೆಕ್ಕದಲ್ಲಿ ಅದು ಕೃತ್ತಿಕಾ ಮಳೆಯ ಕಾಲ. ಮಂಜುಗಡ್ಡೆ ಎಲ್ಲಿಂದ ಬರಬೇಕು, ಬೇಸಿಗೆಯ ಸೆಕೆಯ ದಿನಗಳವು.

ಆ ಸೆಕೆಯೇ ಕಾರಣದ ಒಂದು ಭಾಗ. ಏಪ್ರಿಲ್–ಮೇ ತಿಂಗಳಲ್ಲಿ ಮಧ್ಯಾಹ್ನದ ಬಿಸಿಗೆ ಗುಡುಗಿನ ಮೋಡ ಎತ್ತರಕ್ಕೆ ಬೆಳೆಯುತ್ತದೆ. ಅದರಿಂದ ಬೀಳುವ ಮಳೆಹನಿ ಕೆಳಗಿನ ಒಣಗಾಳಿಯಲ್ಲಿ ಅರ್ಧ ಆವಿಯಾಗಿ ಗಾಳಿಯನ್ನು ತಣ್ಣಗೆ ಮಾಡುತ್ತದೆ. ತಣ್ಣನೆಯ ಗಾಳಿ ಭಾರ. ಅದು ಧೊಪ್ಪನೆ ನೆಲಕ್ಕೆ ಬಿದ್ದು, ಅಂಗಳಕ್ಕೆ ಕೊಡ ನೀರು ಸುರಿದ ಹಾಗೆ ಸುತ್ತಲೂ ಹರಡುತ್ತದೆ. ಮಳೆ ಇರುವ ಜಾಗದಿಂದ ಹತ್ತಾರು ಕಿಲೋಮೀಟರ್ ಮುಂದೆ ಓಡುವುದೂ ಉಂಟು. ಹಾಗಾಗಿ ನಿಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೇ, ಒಂದು ಹನಿಯೂ ಬೀಳುವ ಮೊದಲೇ ಬಿರುಗಾಳಿ ಬರಬಹುದು. ಸೆಕೆಯಲ್ಲಿ ಬೆಂದವರಿಗೆ ಮಣ್ಣಿನ ವಾಸನೆ ಹೊತ್ತ ಆ ತಂಪು ಗಾಳಿ ಹಿತವೆನಿಸುತ್ತದೆ. ದಡದಲ್ಲಿದ್ದರೆ ಹಿತವೇ. ತೆಪ್ಪದಲ್ಲಿದ್ದರೆ ಅದು ಎಚ್ಚರಿಕೆಯ ಗಂಟೆ, ಅದೂ ತಡವಾಗಿ ಬಾರಿಸಿದ್ದು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ಗಾಳಿಯಲ್ಲಿ ಆರಾಮಾಗಿ ಹೋದ ದೋಣಿ 40ರಲ್ಲಿ ಹಾಗಿರುವುದಿಲ್ಲ. ಜೊತೆಗೆ ಕೆರೆಯ ಅಲೆಗಳು ಸಮುದ್ರದಷ್ಟು ಎತ್ತರವಿಲ್ಲದಿದ್ದರೂ ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಬರುತ್ತವೆ. ಮೊದಲ ಅಲೆಯಿಂದ ಸಾವರಿಸಿಕೊಳ್ಳುವಷ್ಟರಲ್ಲಿ ಎರಡನೆಯದು ಒಳಗೆ ನೀರು ತುಂಬಿರುತ್ತದೆ.

ಹಾವೇರಿ ಜಿಲ್ಲೆಯ ಮಾಸೂರಿನ ಹತ್ತಿರದ ಮದಗದ ಕೆರೆಯನ್ನು ನೋಡಿದವರಿಗೆ ಇನ್ನೊಂದು ವಿಷಯ ಸುಲಭವಾಗಿ ಅರ್ಥವಾಗುತ್ತದೆ. ವಿಜಯನಗರದ ಕಾಲದಲ್ಲಿ ಕುಮುದ್ವತಿ ಹೊಳೆಗೆ ಅಡ್ಡಲಾಗಿ, ಗುಡ್ಡಗಳ ನಡುವೆ ಕಟ್ಟಿದ ಕೆರೆ ಅದು. ಇಂಥ ಕಡೆ ನೀರಿನ ಮೇಲಿದ್ದವರಿಗೆ ಗುಡ್ಡದಾಚೆಯ ಮೋಡ ಕಾಣುವುದಿಲ್ಲ. ಕಣ್ಣಿಗಿಂತ ಕಿವಿಯನ್ನು ನಂಬಬೇಕು. ಗುಡುಗು ಸಾಮಾನ್ಯವಾಗಿ ಸುಮಾರು 15 ಕಿ.ಮೀ.ವರೆಗೆ ಕೇಳಿಸುತ್ತದೆ. ಕೇಳಿಸಿತೆಂದರೆ ನೀವು ಆಗಲೇ ಸಿಡಿಲಿನ ಅಳತೆಯೊಳಗೆ ಇದ್ದೀರಿ. ಮಿಂಚು ಕಂಡು ಗುಡುಗು ಬರುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ದೂರ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಆದರೆ ಆ ಲೆಕ್ಕ ದಡದಲ್ಲಿ ಕೂತು ಮಾಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ನೀರಿಗೆ ಇಳಿಯಬೇಡಿ. (ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬ ಫಾರ್ವರ್ಡ್ ಸುಳ್ಳು. ಬಟ್ಟಬಯಲಾದ ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ, ಸಮಸ್ಯೆ ಅದು.)

ಈಗ ಆ ಮಂಜುಗಡ್ಡೆಗೆ ವಾಪಸ್ ಬರೋಣ. ನಮ್ಮ ದೋಣಿಗಳ ಮೇಲೆ ಮಂಜು ಕಟ್ಟುವುದಿಲ್ಲ, ಆದರೆ ಸೆಲ್ಫಿಗೆಂದು ನಾಲ್ಕು ಜನ ಎದ್ದು ನಿಲ್ಲುತ್ತಾರೆ. ಪರಿಣಾಮ ಒಂದೇ: ತೂಕ ಮೇಲೇರಿತು. ತೆಪ್ಪ ದುಂಡಗೆ, ತಳ ಚಪ್ಪಟೆ, ನೀರಿನೊಳಗೆ ಇಳಿಯುವುದು ಸ್ವಲ್ಪವೇ. ಗಾಳಿಗೆ ಬುಗುರಿಯಂತೆ ತಿರುಗುತ್ತದೆ. ಗಾಬರಿಯಿಂದ ಎಲ್ಲರೂ ಒಂದೇ ಬದಿಗೆ ಸರಿದರೆ ಮುಗಿಯಿತು. ಗಾಳಿ ಎದ್ದಾಗ ತಳದಲ್ಲೇ ಕೂತುಬಿಡಿ, ಸಾಮಾನನ್ನೂ ಕೆಳಗಿಡಿ. ಹತ್ತಿರದ ದಡ ಯಾವುದೋ ಅಲ್ಲಿಗೆ ಹೋಗಿ. ಬೈಕ್ ನಿಲ್ಲಿಸಿದ ದಡಕ್ಕೇ ಹೋಗಬೇಕೆಂಬ ಹಟ ಬೇಡ.

ದೋಣಿ ಮಗುಚಿಯೂ ತೇಲುತ್ತಿದ್ದರೆ ಅದನ್ನೇ ಹಿಡಿದುಕೊಳ್ಳಿ. ‘ನನಗೆ ಈಜು ಬರುತ್ತೆ’ ಎಂದು ಬಿಟ್ಟು ಹೊರಟವರು ಅಲೆಯಲ್ಲಿ ಬೇಗ ದಣಿಯುತ್ತಾರೆ, ನೀರಿನ ಮೇಲೆ ದೂರದಿಂದ ತಲೆಯೊಂದು ಕಾಣುವುದೂ ಕಷ್ಟ. ಲೈಫ್ ಜಾಕೆಟ್ ಹತ್ತುವ ಮೊದಲೇ ಹಾಕಿರಬೇಕು, ಸೀಟಿನ ಕೆಳಗಿಟ್ಟದ್ದನ್ನು ನೀರಿನಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಮೀನು ಹಿಡಿಯಲು ಹೋಗುವವರ ಬಳಿ ಜಾಕೆಟ್ ಇಲ್ಲದಿದ್ದರೆ, ಮುಚ್ಚಳ ಬಿಗಿಯಾಗಿರುವ ಐದು ಲೀಟರ್‌ನ ಎರಡು ಖಾಲಿ ಕ್ಯಾನ್‌ಗಳನ್ನು ಹಗ್ಗ ಹಾಕಿ ತೆಪ್ಪದಲ್ಲಿಟ್ಟಿರಿ. ಒಂದೊಂದೂ ಸುಮಾರು ಐದು ಕೆ.ಜಿ. ಭಾರ ಎತ್ತುತ್ತದೆ, ತಲೆ ನೀರಿನ ಮೇಲಿರಲು ಅಷ್ಟು ಆಸರೆ ಬೇಕು. ಇದು ಜಾಕೆಟ್‌ಗೆ ಸಮವಲ್ಲ, ಏನೂ ಇಲ್ಲದ್ದಕ್ಕಿಂತ ಮೇಲು.

ಹೊರಡುವ ಮುನ್ನ ಪುಣೆಯ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ತೆರೆದರೆ ಸುತ್ತಮುತ್ತ ಸಿಡಿಲು ಬೀಳುತ್ತಿದೆಯೇ ಎಂಬುದು ಕಾಣುತ್ತದೆ. ಕೆರೆಯ ನಡುವೆ ನೆಟ್‌ವರ್ಕ್ ಸಿಗದಿರಬಹುದು, ದಡದಲ್ಲೇ ನೋಡಿಕೊಳ್ಳಿ. ಅವಘಡ ಕಂಡರೆ ವಿಡಿಯೊ ಮಾಡುವ ಮೊದಲು 112ಕ್ಕೆ ಕರೆ ಮಾಡಿ.