ಆಕರಕೋಶಗಳ ಕಸಿ: ಮಗುವನ್ನು ಅಣಿಗೊಳಿಸುವ ಬಗೆ

ಮಕ್ಕಳಿಗೆ ತಗಲುವ ರಕ್ತದ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಇಂದು ಔಷಧಿಗಳಿಂದಲೇ ಹತೋಟಿಗೆ ಬರುತ್ತವೆ. ರೋಗವು ಮರುಕಳಿಸಿದಾಗ ಅಥವಾ ಔಷಧಿಗೆ ಮಣಿಯದಿದ್ದಾಗ ವೈದ್ಯರು ಸೂಚಿಸುವ ಮಾರ್ಗವೊಂದುಂಟು. ಅದು ಇನ್ನೊಬ್ಬರ ಆಕರಕೋಶಗಳ ಕಸಿ. ಎಲುಬಿನೊಳಗಣ ಮಜ್ಜೆಯಲ್ಲಿದ್ದು ರಕ್ತದ ಕಣಗಳನ್ನೆಲ್ಲ ಹುಟ್ಟಿಸುವ ಮೂಲಕೋಶಗಳೇ ಇವು. ನಮ್ಮ ದೇಶದಲ್ಲಿ ಈ ಚಿಕಿತ್ಸೆ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೊದಲಾಯಿತು. ಈಗ ಬೆಂಗಳೂರಿನಲ್ಲಿಯೂ ನಡೆಯುತ್ತಿದೆ.

ಮೊದಲನೆಯದು ದೇಹದ ಸಿದ್ಧತೆ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳನ್ನು ಪರೀಕ್ಷಿಸುತ್ತಾರೆ. ಹುಳುಕುಹಲ್ಲಿಗೂ ಮೊದಲೇ ಚಿಕಿತ್ಸೆಯಾಗಬೇಕು; ಮುಂದೆ ಅಷ್ಟು ಸಣ್ಣ ಸೋಂಕೂ ಪ್ರಾಣಕ್ಕೆ ಎರವಾದೀತು. ಬಳಿಕ ಸುಮಾರು ಒಂದು ವಾರ ಪ್ರಬಲ ಔಷಧಿಗಳನ್ನು, ಕೆಲವರಿಗೆ ವಿಕಿರಣವನ್ನೂ ಕೊಟ್ಟು ಹಳೆಯ ಮಜ್ಜೆಯನ್ನು ತೆರವು ಮಾಡುತ್ತಾರೆ. ಕಸಿಯೆಂದರೆ ಶಸ್ತ್ರಕ್ರಿಯೆಯಲ್ಲ, ದಾನಿಯ ಕೋಶಗಳು ರಕ್ತದಂತೆಯೇ ಚೀಲದಿಂದ ಹನಿಹನಿಯಾಗಿ ಮಗುವಿನ ನಾಳವನ್ನು ಸೇರುತ್ತವೆ. ಅವು ಬೇರೂರಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಮಗುವಿಗೆ ಪ್ರತ್ಯೇಕ ಕೊಠಡಿಯ ವಾಸ.

ಎರಡನೆಯದು ಮನಸ್ಸಿನ ಸಿದ್ಧತೆ. ತನ್ನ ಯಾವುದೋ ತಪ್ಪಿಗೆ ಈ ಶಿಕ್ಷೆಯೆಂದು ಎಳೆಯ ಮಗು ಭಾವಿಸುವುದುಂಟು. “ನೋವೇ ಆಗದು” ಎಂಬ ಸುಳ್ಳು ಒಂದೇ ದಿನದಲ್ಲಿ ಬಯಲಾಗಿ, ಮುಂದೆ ಹೇಳುವ ನಿಜವನ್ನೂ ಮಗು ನಂಬದಂತಾಗುತ್ತದೆ. ಬೊಂಬೆಯೊಂದಕ್ಕೆ ನಳಿಕೆ ತೊಡಿಸಿ ತೋರಿಸಬಹುದು. ಕೂದಲು ಉದುರಿ ಮತ್ತೆ ಬೆಳೆಯುವುದೆಂದು ಮುಂಚಿತವಾಗಿ ತಿಳಿಸಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಕೋಶವೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ತಂಗಿಯೇ ದಾನಿಯಾದರೆ ಅವಳಿಗೂ ಹೇಳಬೇಕಾದ ಮಾತೊಂದಿದೆ: ಕಸಿ ಎಲ್ಲ ಸಲವೂ ಫಲಿಸುವುದಿಲ್ಲ, ಫಲಿಸದಿದ್ದರೆ ಅದು ಅವಳ ದೋಷವಲ್ಲ.

ಮೂರನೆಯ ಸಿದ್ಧತೆ ನಮ್ಮದು. ಕಸಿಯಾದ ಮಗು ಹಲವು ತಿಂಗಳು ಶಾಲೆಗೆ ಬರಲಾರದು. ಹಾಜರಿ ಪುಸ್ತಕದಲ್ಲಿ ಅದರ ಹೆಸರು ಉಳಿದಿರಲಿ. ಸಹಪಾಠಿಗಳ ಪತ್ರಗಳು ಮನೆಗೆ ಹೋಗಲಿ. ಹಿಂದೆ ಹಾಕಿಸಿದ ಲಸಿಕೆಗಳ ಬಲ ಅಳಿದಿರುವುದರಿಂದ, ಮಗು ಮರಳಿದ ಮೇಲೆ ತರಗತಿಯಲ್ಲಿ ಯಾರಿಗಾದರೂ ಸಿಡುಬು ತರಹದ ಅಂಟುರೋಗ, ದಡಾರ ಕಾಣಿಸಿದರೆ ಉಪಾಧ್ಯಾಯರು ಆ ದಿನವೇ ಹೆತ್ತವರಿಗೆ ತಿಳಿಸಬೇಕು. ರಾಜಾಜಿನಗರದಿಂದಲೋ ಕೆಂಗೇರಿಯಿಂದಲೋ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಹೋಗುವುದೆಂದರೆ ಊರನ್ನೇ ದಾಟಿದಂತೆ. ಇಂತಹ ಮಗುವನ್ನು ಕಿಕ್ಕಿರಿದ ಬಸ್ಸಿನಲ್ಲಿ ಕರೆದೊಯ್ಯಲಾಗದು. ಅನುಕೂಲವಂತರೊಬ್ಬರು ವಾರಕ್ಕೊಂದು ದಿನ ಕಾರು ಕಳುಹಿಸಿದರೂ ಅದು ದೊಡ್ಡ ಉಪಕಾರವೇ.

ಮನೆಯಲ್ಲಿ ಪೂರ್ಣ ಹೊಂದಿಕೆಯವರು ಸಿಗದಾಗ ಅರ್ಧ ಹೊಂದುವ ತಾಯಿ ಅಥವಾ ತಂದೆಯ ಕೋಶವನ್ನು ಬಳಸುವುದುಂಟು. ಇಲ್ಲವೆ ಹೊರಗಿನ ದಾನಿಯನ್ನು ಹುಡುಕಬೇಕು. ಅಂಗಾಂಶದ ಗುಣಗಳು ವಂಶದಿಂದ ಬರುವುದರಿಂದ, ನಮ್ಮ ನಾಡಿನ ಮಗುವಿಗೆ ನಮ್ಮ ನಾಡಿನವರೇ ಹೊಂದುವ ಸಂಭವ ಹೆಚ್ಚು. ಬೆಂಗಳೂರಿನ ಡಿಕೆಎಂಎಸ್ ಫೌಂಡೇಷನ್ ಇಂತಹ ದಾನಿಗಳ ಹೆಸರು ನೋಂದಾಯಿಸುತ್ತದೆ. ಹದಿನೆಂಟು ತುಂಬಿದ ಆರೋಗ್ಯವಂತರ ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದರೆ ನೋಂದಣಿ ಮುಗಿಯಿತು. ಮುಂದೆ ಕರೆ ಬಂದರೆ, ಬಹುತೇಕ ಸಂದರ್ಭಗಳಲ್ಲಿ ತೋಳಿನ ರಕ್ತನಾಳದಿಂದಲೇ ಕೋಶಗಳನ್ನು ಪಡೆಯುತ್ತಾರೆ.

ದಾನಿಗಳ ನೆರವಿನಿಂದ ಬೆಳೆದ ಶಾಲೆ ನಮ್ಮದು. ಇದು ಹಣವಿಲ್ಲದ ಹಳೆಯ ವಿದ್ಯಾರ್ಥಿಯೂ ಕೊಡಬಲ್ಲ ದಾನ. ಆದರೆ ಹೆಸರು ಬರೆಸಿದವರು ಕರೆ ಬಂದ ದಿನ ಹಿಂಜರಿಯಬಾರದು. ದಾನಕ್ಕೆ ಒಪ್ಪಿ ಕೊನೆಗಳಿಗೆಯಲ್ಲಿ ಹಿಂದೆ ಸರಿಯುವುದಂತೂ ಕೂಡದು; ಅಷ್ಟರಲ್ಲಿ ಮಗುವಿನ ಹಳೆಯ ಮಜ್ಜೆಯನ್ನು ತೆರವು ಮಾಡಿಯಾಗಿರಬಹುದು.